ಒಂದು ತುಂಡಿನ ಲೆಕ್ಕ: ಅಮೆರಿಕದ ಅಂಗಡಿ ಕುಂಬಳಪೈ ಮತ್ತು ಪೋಷಕಾಂಶ ಪಟ್ಟಿಯ ಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಆಚರಿಸುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಕುಂಬಳಪೈ ಅನಿವಾರ್ಯವೆಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಮೈದಾ, ಕೊಬ್ಬು ಮತ್ತು ನೀರನ್ನು ಕಲಸಿ ಲಟ್ಟಿಸಿದ ಕಣಕವನ್ನು ಅಂಚುಳ್ಳ ದುಂಡು ತಟ್ಟೆಯಲ್ಲಿ ಹಾಸಿ, ಬೇಯಿಸಿ ಹಿಸುಕಿದ ಕುಂಬಳದ ತಿರುಳಿಗೆ ಹಾಲು, ಮೊಟ್ಟೆ, ಸಕ್ಕರೆ ಮತ್ತು ಮಸಾಲೆಗಳನ್ನು ಬೆರೆಸಿದ ಹೂರಣವನ್ನು ಅದರೊಳಗೆ ಸುರಿದು, ಓವನ್ನಿನಲ್ಲಿ ಬೇಯಿಸಿದರೆ ಈ ಭಕ್ಷ್ಯ ಸಿದ್ಧವಾಗುತ್ತದೆ. ಇಂದು ಇದನ್ನು ಮನೆಯಲ್ಲಿ ಮಾಡುವವರಿರುವಂತೆಯೇ ಅಂಗಡಿಯಿಂದ ಸಿದ್ಧವಾಗಿ ತರುವವರೂ ಬಹಳ ಮಂದಿ ಇದ್ದಾರೆ. ಹಾಗೆ ತಂದ ಪೈಯ ಪೆಟ್ಟಿಗೆಯ ಮೇಲೆ ಕ್ಯಾಲೊರಿ, ಕೊಬ್ಬು, ಸಕ್ಕರೆ, ಸೋಡಿಯಂ ಮೊದಲಾದವುಗಳನ್ನು ತಿಳಿಸುವ ಚೌಕಟ್ಟೊಂದು ಅಚ್ಚಾಗಿರುತ್ತದೆ. ಈ ಅಂಕಿಗಳು ಪ್ರಯೋಗಾಲಯದ ಅಳತೆಗಳಂತೆ ಕಂಡರೂ, ಯಾವುದನ್ನು ಅಳೆಯಬೇಕು, ಯಾವ ಪ್ರಮಾಣಕ್ಕೆ ಅಳೆಯಬೇಕು, ಅಳೆದದ್ದನ್ನು ಯಾವ ಮಾನದಲ್ಲಿ ಹೇಳಬೇಕು ಎಂಬ ಪ್ರಶ್ನೆಗಳಿಗೆ ಬೇರೆ ಬೇರೆ ಕಾಲ ಕೊಟ್ಟ ಉತ್ತರಗಳು ಅವುಗಳೊಳಗೆ ಅಡಗಿವೆ. ಅದರಿಂದಾಗಿಯೇ ಒಂದೇ ಬಗೆಯ ಪೈ ಒಂದು ಶತಮಾನದೊಳಗೆ ನಿಸ್ಸಾರ ಆಹಾರವೆಂದೂ ಜೀವಸತ್ವದ ಆಗರವೆಂದೂ ಸಕ್ಕರೆಯ ತಿನಿಸೆಂದೂ ಸರದಿಯಂತೆ ಹೆಸರು ಪಡೆಯಿತು.

ಕುಂಬಳದ ಚರಿತ್ರೆ ಪೈಗಿಂತ ಬಹಳ ಹಳೆಯದು. ಕುಕುರ್ಬಿಟ ಎಂಬ ಸಸ್ಯಕುಲಕ್ಕೆ ಸೇರಿದ ಸಿಹಿಗುಂಬಳದ ಜಾತಿಗಳು ಅಮೆರಿಕ ಖಂಡಗಳ ಮೂಲದವು. ಮೆಕ್ಸಿಕೊದ ಒಹಾಕಾ ಪ್ರಾಂತದ ಗಿಲಾ ನಾಕಿಟ್ಸ್ ಗುಹೆಯಲ್ಲಿ ದೊರೆತ ಬೀಜಗಳು ಸುಮಾರು 10,000 ವರ್ಷಗಳ ಹಿಂದೆಯೇ ಅಲ್ಲಿ ಕುಂಬಳದ ಕೃಷಿ ಆರಂಭವಾಗಿತ್ತೆಂಬುದನ್ನು ತೋರಿಸುತ್ತವೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಮೆಕ್ಕೆಜೋಳ, ಹುರುಳಿಜಾತಿಯ ಕಾಳು ಮತ್ತು ಕುಂಬಳಗಳನ್ನು ಒಂದೇ ಹೊಲದಲ್ಲಿ ಒಟ್ಟಿಗೆ ಬೆಳೆಯುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ಈ ಬಳ್ಳಿ ಯುರೋಪಿಗೂ, ಅಲ್ಲಿನ ವ್ಯಾಪಾರಿಗಳ ಹಡಗುಗಳೊಡನೆ ಏಷ್ಯಕ್ಕೂ ಹರಡಿತು. ಕರ್ನಾಟಕದ ಅಡುಗೆಯಲ್ಲಿ ಹುಳಿ, ಪಲ್ಯಗಳಿಗೆ ಬಳಸುವ ಸಿಹಿಗುಂಬಳ ಹೀಗೆ ಕಡಲಾಚೆಯಿಂದ ಬಂದ ತರಕಾರಿಯಾದರೆ, ಕಾಶಿ ಹಲ್ವಕ್ಕೆ ತುರಿಯುವ ಬೂದುಗುಂಬಳ ಬೇರೆಯೇ ಕುಲಕ್ಕೆ ಸೇರಿದ, ಏಷ್ಯದ ಪ್ರಾಚೀನ ಬೆಳೆ. ಪೈಗೆ ಬಳಸುವುದು ಮೊದಲನೆಯದನ್ನು ಮಾತ್ರ.

1621ರಲ್ಲಿ ಪ್ಲಿಮತ್ ನೆಲಸುನಾಡಿನ ಇಂಗ್ಲಿಷ್ ವಲಸಿಗರೂ ವಾಂಪನೋಗ್ ಜನರೂ ಕೂಡಿ ಉಂಡ ಸುಗ್ಗಿಯ ಊಟದಲ್ಲಿ ಕುಂಬಳಪೈ ಇತ್ತೆಂಬ ಜನಪ್ರಿಯ ನಂಬಿಕೆಗೆ ಆಧಾರವಿಲ್ಲ. ಆ ಊಟವನ್ನು ವರ್ಣಿಸಿದ ಎಡ್ವರ್ಡ್ ವಿನ್ಸ್ಲೊ ಬೇಟೆಯ ಹಕ್ಕಿಗಳನ್ನೂ ಐದು ಜಿಂಕೆಗಳನ್ನೂ ಹೆಸರಿಸುತ್ತಾನೆಯೇ ಹೊರತು ಪೈಯನ್ನಲ್ಲ. ಪೈಯ ಕಣಕಕ್ಕೆ ಬೇಕಾದ ಗೋಧಿಹಿಟ್ಟು, ಬೆಣ್ಣೆಗಳು ಆ ನೆಲಸುನಾಡಿನಲ್ಲಿ ಆಗ ಸುಲಭವಾಗಿ ಸಿಗುವ ವಸ್ತುಗಳೂ ಆಗಿರಲಿಲ್ಲ. ಕುಂಬಳವನ್ನು ಹಿಟ್ಟಿನ ಕವಚದಲ್ಲಿ ಬೇಯಿಸುವ ಪದ್ಧತಿ ಮೊದಲು ಬರಹಕ್ಕಿಳಿದದ್ದು ಯುರೋಪಿನಲ್ಲಿ: 1651ರಲ್ಲಿ ಪ್ರಕಟವಾದ ಫ್ರಾನ್ಸಿನ ಲಾ ವರೆನ್ನನ ಪಾಕಗ್ರಂಥದಲ್ಲಿ ಅಂಥ ಒಂದು ಪಾಕವಿದೆ. ಅಮೆರಿಕದ ಲೇಖಕಿಯೊಬ್ಬಳು ಬರೆದ ಮೊದಲ ಪಾಕಗ್ರಂಥವೆಂದು ಪರಿಗಣಿತವಾದ, 1796ರಲ್ಲಿ ಕನೆಕ್ಟಿಕಟ್‌ನ ಹಾರ್ಟ್‌ಫರ್ಡಿನಲ್ಲಿ ಅಚ್ಚಾದ ಅಮೀಲಿಯ ಸಿಮನ್ಸಳ ‘ಅಮೆರಿಕನ್ ಕುಕರಿ’ಯಲ್ಲಿ ಇಂದಿನ ಪೈಗೆ ಹತ್ತಿರವಾದ ಎರಡು ಪಾಕಗಳು ಸಿಗುತ್ತವೆ. ಒಂದಕ್ಕೆ ಕೆನೆ, ಒಂಬತ್ತು ಮೊಟ್ಟೆ, ಸಕ್ಕರೆ, ಜಾಪತ್ರೆ, ಜಾಯಿಕಾಯಿ, ಶುಂಠಿ ಬೇಕು. ಇನ್ನೊಂದು ಹಾಲು, ನಾಲ್ಕು ಮೊಟ್ಟೆ ಮತ್ತು ಕಾಕಂಬಿಯಲ್ಲಿ, ಎಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕದಲ್ಲಿ, ಮುಗಿಯುವ ಅಗ್ಗದ ರೂಪ. ಮೊಟ್ಟೆಗಳ ಎಣಿಕೆ ಇರುವ ಈ ಪಾಕಗಳಲ್ಲಿ ಸಕ್ಕರೆ, ಕಾಕಂಬಿಗಳ ಅಳತೆ ಇಲ್ಲವಾದ್ದರಿಂದ ಸಿಮನ್ಸಳ ಪೈಯ ಒಂದು ತುಂಡಿನಲ್ಲಿ ಎಷ್ಟು ಸಿಹಿ ಇತ್ತೆಂದು ಲೆಕ್ಕ ಹಾಕುವುದು ಸಾಧ್ಯವಿಲ್ಲ. ಅದು ಮಾಡುವವಳ ಕೈಗೂ ಮನೆಯ ಶಕ್ತಿಗೂ ಬಿಟ್ಟ ವಿಷಯವಾಗಿತ್ತು.

ಈ ಪ್ರಾದೇಶಿಕ ತಿನಿಸನ್ನು ರಾಷ್ಟ್ರೀಯ ಭಕ್ಷ್ಯವಾಗಿಸಿದ್ದು ಹತ್ತೊಂಬತ್ತನೆಯ ಶತಮಾನ. ದೇಶದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಲೇಖಕಿ ಸಾರಾ ಜೋಸೆಫ ಹೇಲ್ 1827ರ ತನ್ನ ‘ನಾರ್ತ್‌ವುಡ್’ ಕಾದಂಬರಿಯಲ್ಲಿ ಹಬ್ಬದ ಊಟವನ್ನು ವಿಸ್ತಾರವಾಗಿ ವರ್ಣಿಸಿ ಕುಂಬಳಪೈಗೆ ಅಲ್ಲಿ ವಿಶೇಷ ಸ್ಥಾನ ಕೊಟ್ಟಳು. ಮುಂದೆ ‘ಗೋಡೀಸ್ ಲೇಡೀಸ್ ಬುಕ್’ ಪತ್ರಿಕೆಯ ಸಂಪಾದಕಿಯಾಗಿ, ಥ್ಯಾಂಕ್ಸ್‌ಗಿವಿಂಗನ್ನು ದೇಶದಾದ್ಯಂತ ಒಂದೇ ದಿನ ಆಚರಿಸಬೇಕೆಂದು ದಶಕಗಳ ಕಾಲ ಒತ್ತಾಯಿಸಿದಳು. ಅಂತರ್ಯುದ್ಧದ ನಡುವೆ, 1863ರಲ್ಲಿ, ಅಧ್ಯಕ್ಷ ಅಬ್ರಹಾಂ ಲಿಂಕನ್ ಆ ಹಬ್ಬವನ್ನು ರಾಷ್ಟ್ರಮಟ್ಟದಲ್ಲಿ ಘೋಷಿಸಿದ ಮೇಲೆ ನ್ಯೂ ಇಂಗ್ಲೆಂಡಿನ ಪೈ ಹಬ್ಬದ ಜೊತೆಗೇ ಉಳಿದ ರಾಜ್ಯಗಳಿಗೂ ಪಸರಿಸಿತು. ಹೀಗೆ ದೇಶವೆಲ್ಲ ಒಂದೇ ವಾರದಲ್ಲಿ ಒಂದೇ ಭಕ್ಷ್ಯವನ್ನು ಬಯಸುವ ಪರಿಸ್ಥಿತಿ ಏರ್ಪಟ್ಟದ್ದರಿಂದ, ಅದರ ಸಾಮಗ್ರಿಗಳನ್ನು ಕಾರ್ಖಾನೆಯಲ್ಲಿ ತಯಾರಿಸಿ ಮಾರುವ ಉದ್ದಿಮೆಗೆ ನಿಶ್ಚಿತ ಮಾರುಕಟ್ಟೆಯೊಂದು ದೊರೆತಂತಾಯಿತು.

ಆ ಸಾಮಗ್ರಿಗಳು ಒಂದೊಂದಾಗಿ ಡಬ್ಬಿಗಳೊಳಗೆ ಸೇರಿದವು. ಹಾಲನ್ನು ಕುದಿಸಿ ನೀರಿನಂಶ ಇಂಗಿಸಿ, ಸಕ್ಕರೆ ಸೇರಿಸದೆ ಡಬ್ಬಿಗೆ ತುಂಬಿ ಸೋಂಕಳಿಸಿದ ‘ಎವಾಪೊರೇಟೆಡ್ ಮಿಲ್ಕ್’ 1885ರ ಸುಮಾರಿಗೆ ಇಲಿನಾಯ್ ರಾಜ್ಯದ ಹೈಲ್ಯಾಂಡ್ ಊರಿನಲ್ಲಿ ವಾಣಿಜ್ಯ ಉತ್ಪನ್ನವಾಯಿತು. 1911ರಲ್ಲಿ ಹತ್ತಿಬೀಜದ ಎಣ್ಣೆಗೆ ಜಲಜನಕ ಸೇರಿಸಿ ಗಟ್ಟಿಯಾಗಿಸಿದ ‘ಕ್ರಿಸ್ಕೊ’ ಮಾರುಕಟ್ಟೆಗೆ ಬಂದು, ಕಣಕಕ್ಕೆ ಬಳಸುತ್ತಿದ್ದ ಬೆಣ್ಣೆ ಮತ್ತು ಹಂದಿಯ ಕೊಬ್ಬಿನ ಜಾಗವನ್ನು ಆಕ್ರಮಿಸತೊಡಗಿತು. ಭಾರತದಲ್ಲಿ ಡಾಲ್ಡಾ ಎಂಬ ಹೆಸರಿನಿಂದ ಪರಿಚಿತವಾದ ವನಸ್ಪತಿ ಇದೇ ತಂತ್ರದಿಂದ ತಯಾರಾದದ್ದು. ಕುಂಬಳದ ವಿಷಯದಲ್ಲಿ ಇಲಿನಾಯ್ ರಾಜ್ಯದ ಪಿಯೋರಿಯ ನಗರದ ಸುತ್ತಲಿನ ಕಪ್ಪು ಮಣ್ಣಿನ ಪ್ರದೇಶ ಕೇಂದ್ರವಾಯಿತು. ಅಲ್ಲಿನ ಡಿಕಿನ್ಸನ್ ಕುಟುಂಬದ ಡಬ್ಬಿ ಕಾರ್ಖಾನೆಯನ್ನು 1929ರಲ್ಲಿ ಷಿಕಾಗೊದ ಲಿಬ್ಬಿ ಸಂಸ್ಥೆ ಕೊಂಡುಕೊಂಡಿತು, ಮತ್ತು ಅದರೊಡನೆ ಆ ಕುಟುಂಬದ ಹೆಸರನ್ನೇ ಹೊತ್ತ ಕುಂಬಳದ ತಳಿಯೂ ಆ ಸಂಸ್ಥೆಯ ಮುಖ್ಯ ಬೆಳೆಯಾಯಿತು. ಪಿಯೋರಿಯದ ಸಮೀಪದ ಮಾರ್ಟನ್ ಎಂಬ ಊರು ಇಂದಿಗೂ ತನ್ನನ್ನು ಜಗತ್ತಿನ ಕುಂಬಳ ರಾಜಧಾನಿ ಎಂದು ಕರೆದುಕೊಳ್ಳುತ್ತದೆ.

ಡಿಕಿನ್ಸನ್ ತಳಿಯ ಕಾಯಿ ಹ್ಯಾಲೊವೀನ್ ಹಬ್ಬಕ್ಕೆ ಕೊರೆಯುವ ಕಿತ್ತಳೆ ಬಣ್ಣದ ದುಂಡು ಕುಂಬಳದ ಹಾಗಿರುವುದಿಲ್ಲ. ಉದ್ದನೆಯ, ತಿಳಿಕಂದು ಸಿಪ್ಪೆಯ, ನಾರು ಕಡಿಮೆಯಿರುವ ಆ ಕಾಯಿ ಸಸ್ಯಶಾಸ್ತ್ರದ ಪ್ರಕಾರ ಕುಕುರ್ಬಿಟ ಮಾಸ್ಕಾಟ ಎಂಬ ಜಾತಿಗೆ ಸೇರಿದ್ದು, ಕೊರೆಯುವ ಕುಂಬಳ ಕುಕುರ್ಬಿಟ ಪೆಪೊ ಜಾತಿಯದು. ಬೆಂಗಳೂರು ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ‘ಅರ್ಕಾ ಚಂದನ್’ ಸಿಹಿಗುಂಬಳವೂ ಮಾಸ್ಕಾಟ ಜಾತಿಗೇ ಸೇರಿದ್ದು, ಕಿತ್ತಳೆ ಬಣ್ಣದ ಗಟ್ಟಿ ತಿರುಳಿಗಾಗಿ ಹೆಸರಾಗಿದೆ. ಡಬ್ಬಿಯೊಳಗಿರುವುದನ್ನು ‘ಪಂಪ್‌ಕಿನ್’ ಎನ್ನಬೇಕೆ, ಅಥವಾ ಅದರ ಸೋದರ ತರಕಾರಿಯಾದ ‘ಸ್ಕ್ವಾಷ್’ ಎನ್ನಬೇಕೆ ಎಂಬ ಪ್ರಶ್ನೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ (ಎಫ್‌ಡಿಎ) 1938ರಿಂದಲೂ ಉದಾರ ನಿಲುವು ತಳೆದಿದೆ: ಗಟ್ಟಿ ಸಿಪ್ಪೆಯ, ಹೊಂಬಣ್ಣದ ತಿರುಳಿನ ಕೆಲವು ಸ್ಕ್ವಾಷ್ ತಳಿಗಳಿಂದ ಮಾಡಿದ ಪದಾರ್ಥವನ್ನೂ ಪಂಪ್‌ಕಿನ್ ಎಂದು ಮಾರುವುದನ್ನು ಅದು ಆಕ್ಷೇಪಿಸಿಲ್ಲ. ಪೋಷಣೆಯ ದೃಷ್ಟಿಯಿಂದ ಗ್ರಾಹಕನಿಗೆ ಇದರಿಂದ ನಷ್ಟವಾಗಿಲ್ಲ, ಲಾಭವೇ ಆಗಿದೆ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕಗಳ ಪ್ರಕಾರ 100 ಗ್ರಾಂ ಹಸಿ ಪಂಪ್‌ಕಿನ್ನಿನಲ್ಲಿ 426 ಮೈಕ್ರೋಗ್ರಾಂ ‘ಎ’ ಜೀವಸತ್ವಕ್ಕೆ ಸಮನಾದ ಅಂಶವಿದ್ದರೆ, ಡಬ್ಬಿಯ ತಿರುಳಿನಲ್ಲಿ ಅದು 778 ಮೈಕ್ರೋಗ್ರಾಂ. ಒಳ್ಳೆಯ ಬಣ್ಣದ ತಳಿಯ ಆಯ್ಕೆ ಮತ್ತು ಬೇಯಿಸುವಾಗ ನೀರು ಇಂಗುವುದು ಈ ವ್ಯತ್ಯಾಸಕ್ಕೆ ಕಾರಣಗಳು.

ಆದರೆ ಕುಂಬಳಕ್ಕೆ ಈ ಗೌರವ ಆರಂಭದಲ್ಲಿ ಇರಲಿಲ್ಲ. 1896ರಲ್ಲಿ ಎರಡು ಪ್ರಕಟಣೆಗಳು ಅಮೆರಿಕದ ಅಡುಗೆಮನೆಯೊಳಕ್ಕೆ ಅಳತೆಯನ್ನು ತಂದವು. ಫ್ಯಾನಿ ಫಾರ್ಮರ್ ಬಾಸ್ಟನ್ ಅಡುಗೆ ಶಾಲೆಯ ಪಾಕಗ್ರಂಥದಲ್ಲಿ ಬಟ್ಟಲು ಮತ್ತು ಚಮಚಗಳ ಮಟ್ಟಸ ಅಳತೆಯನ್ನು ನೆಲೆಗೊಳಿಸಿದಳು. ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ವಿಲ್ಬರ್ ಆಟ್ವಾಟರ್ ತನ್ನ ಸಹೋದ್ಯೋಗಿ ವುಡ್ಸನೊಡನೆ ಅಮೆರಿಕದ ಆಹಾರಗಳ ರಾಸಾಯನಿಕ ಸಂಯೋಜನೆಯ ಕೋಷ್ಟಕವನ್ನು ಕೃಷಿ ಇಲಾಖೆಯ ಮೂಲಕ ಪ್ರಕಟಿಸಿದ. ಒಂದು ಗ್ರಾಂ ಪ್ರೋಟೀನಿಗೆ 4, ಕೊಬ್ಬಿಗೆ 9, ಕಾರ್ಬೋಹೈಡ್ರೇಟಿಗೆ 4 ಕ್ಯಾಲೊರಿ ಎಂದು ಇಂದಿಗೂ ಬಳಕೆಯಲ್ಲಿರುವ ಗುಣಕಗಳು ಆಟ್ವಾಟರನ ಸಂಶೋಧನೆಯಿಂದಲೇ ಬಂದವು. ಜೀವಸತ್ವಗಳೆಂಬ ಕಲ್ಪನೆಯೇ ಹುಟ್ಟದ ಆ ಕಾಲದ ಕೋಷ್ಟಕದಲ್ಲಿ ಆಹಾರದ ಬೆಲೆಯನ್ನು ಪ್ರೋಟೀನ್ ಮತ್ತು ಶಕ್ತಿಗಳಿಂದ ಮಾತ್ರ ನಿರ್ಧರಿಸಲಾಗುತ್ತಿತ್ತು. ಹತ್ತರಲ್ಲಿ ಒಂಬತ್ತು ಪಾಲು ನೀರೇ ಆಗಿರುವ, 100 ಗ್ರಾಮಿಗೆ ಮೂವತ್ತು ಕ್ಯಾಲೊರಿಯ ಆಸುಪಾಸಿನ ಕುಂಬಳದಂಥ ತರಕಾರಿ ಆ ದೃಷ್ಟಿಯಲ್ಲಿ ದುಡ್ಡಿಗೆ ತಕ್ಕ ಪದಾರ್ಥವಾಗಿರಲಿಲ್ಲ. ಆ ತರ್ಕದಂತೆ ನೋಡಿದರೆ ಪೈಯಲ್ಲಿ ಬೆಲೆಯುಳ್ಳದ್ದು ಕೊಬ್ಬು, ಹಿಟ್ಟು ಮತ್ತು ಸಕ್ಕರೆಯೇ.

ಈ ಲೆಕ್ಕ ತಿರುಗುಮುರುಗಾದದ್ದು ಮುಂದಿನ ನಾಲ್ಕು ದಶಕಗಳಲ್ಲಿ. 1913ರಲ್ಲಿ ಮಕಾಲಮ್ ಮತ್ತು ಡೇವಿಸ್ ಎಂಬ ವಿಜ್ಞಾನಿಗಳು ಬೆಣ್ಣೆ ಮತ್ತು ಮೊಟ್ಟೆಯ ಹಳದಿಯಲ್ಲಿರುವ, ಮುಂದೆ ‘ಎ’ ಜೀವಸತ್ವವೆಂದು ಹೆಸರಾದ ಅಂಶವನ್ನು ಗುರುತಿಸಿದರು. ಗಜ್ಜರಿ, ಕುಂಬಳಗಳಿಗೆ ಕಿತ್ತಳೆ ಬಣ್ಣ ಕೊಡುವ ಕ್ಯಾರೊಟೀನ್ ಎಂಬ ವರ್ಣದ್ರವ್ಯ ಪ್ರಾಣಿದೇಹದೊಳಗೆ ಅದೇ ಜೀವಸತ್ವವಾಗಿ ಮಾರ್ಪಡುತ್ತದೆಂಬುದು 1930ರ ಹೊತ್ತಿಗೆ ಸಿದ್ಧವಾಯಿತು. ಕಣ್ಣಿನ ದೃಷ್ಟಿಗೂ ರೋಗನಿರೋಧಕ ಶಕ್ತಿಗೂ ಅಗತ್ಯವಾದ ಈ ಜೀವಸತ್ವದ ಲೆಕ್ಕ ಸೇರಿದೊಡನೆ ಆಟ್ವಾಟರನ ಕೋಷ್ಟಕದಲ್ಲಿ ಹಿಂದುಳಿದಿದ್ದ ಕುಂಬಳ ಮುಂಚೂಣಿಗೆ ಬಂತು. ಮುಂದೆ ಪೈಯ ಪಾಕವೂ ಒಂದು ಸ್ಥಿರ ರೂಪಕ್ಕೆ ಬಂದು ನಿಂತಿತು: 1950ರಿಂದ ಲಿಬ್ಬಿ ಡಬ್ಬಿಯ ಮೇಲೆಯೇ ಅಚ್ಚಾಗತೊಡಗಿದ ಪಾಕ ಒಂದು ಡಬ್ಬಿ ಕುಂಬಳ, ಒಂದು ಡಬ್ಬಿ ಎವಾಪೊರೇಟೆಡ್ ಹಾಲು, ಎರಡು ಮೊಟ್ಟೆ, ಮುಕ್ಕಾಲು ಬಟ್ಟಲು ಸಕ್ಕರೆ, ಚಮಚದ ಲೆಕ್ಕದಲ್ಲಿ ಉಪ್ಪು, ಚಕ್ಕೆ, ಶುಂಠಿ, ಲವಂಗ ಮತ್ತು ಒಂಬತ್ತು ಇಂಚಿನ ಕಣಕದ ತಟ್ಟೆ ಎಂಬ ಸೂತ್ರವನ್ನು ಮನೆಮನೆಗೂ ಮುಟ್ಟಿಸಿತು.

ಸಿದ್ಧ ಪೈಗಳ ಉದ್ದಿಮೆ ಇದರ ಜೊತೆಯಲ್ಲೇ ಬೆಳೆಯಿತು. ಪೆನ್ಸಿಲ್ವೇನಿಯದ ಪಾಟ್ಸ್‌ಟೌನಿನ ಅಮಾಂಡ ಸ್ಮಿತ್ ಎಂಬಾಕೆಯ ಪೈಗಳನ್ನು ಮಗ ಮಾರಲಾರಂಭಿಸಿ, ಅದು ‘ಮಿಸೆಸ್ ಸ್ಮಿತ್ಸ್’ ಎಂಬ ದೊಡ್ಡ ಕಂಪನಿಯಾಗಿ, ಎರಡನೆಯ ಮಹಾಯುದ್ಧದ ನಂತರ ಹಿಮಗಟ್ಟಿಸಿದ ಪೈಗಳನ್ನು ದೇಶದಾದ್ಯಂತ ಕಳಿಸುವ ಮಟ್ಟಕ್ಕೇರಿತು. 1976ರಲ್ಲಿ ಕೆಲಾಗ್ ಸಂಸ್ಥೆ ಅದನ್ನು ಕೊಂಡಿತು. ಹಾಲು, ಮೊಟ್ಟೆಗಳ ಹೂರಣ ಬೇಗ ಕೆಡುವುದರಿಂದ ಅಂಗಡಿಯ ಪೈ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯಬೇಕಾಗುತ್ತದೆ: ಹಿಮಗಟ್ಟಿಸಿಯೋ ತಂಪುಪೆಟ್ಟಿಗೆಯಲ್ಲಿಟ್ಟೋ ಮಾರುವುದು ಒಂದು, ಸೂಕ್ಷ್ಮಜೀವಿಗಳಿಗೆ ದೊರೆಯುವ ನೀರಿನಂಶವನ್ನು ಸಕ್ಕರೆಯಿಂದ ಕಡಿಮೆ ಮಾಡಿ, ಸಾರ್ಬೇಟ್, ಪ್ರೊಪಿಯೊನೇಟ್‌ಗಳಂಥ ಸಂರಕ್ಷಕ ಲವಣಗಳನ್ನು ಬೆರೆಸಿ ಹೊರಗೆ ಇಡುವುದು ಇನ್ನೊಂದು. ಸಾಗಾಟದಲ್ಲಿ ಹೂರಣ ನೀರೊಡೆಯದಂತೆ ಮಾರ್ಪಡಿಸಿದ ಪಿಷ್ಟವನ್ನೋ ಅಂಟು ಪದಾರ್ಥಗಳನ್ನೋ ಸೇರಿಸುವುದುಂಟು. ಚೆರ್ರಿ ಹಣ್ಣಿನ ಹಿಮಗಟ್ಟಿಸಿದ ಪೈಯಲ್ಲಿ ಇಂತಿಷ್ಟು ಪಾಲು ಹಣ್ಣು ಇರಲೇಬೇಕೆಂಬ ಸರಕಾರಿ ಮಾನದಂಡ ದಶಕಗಳ ಕಾಲ ಜಾರಿಯಲ್ಲಿತ್ತಾದರೂ, ಕುಂಬಳಪೈಗೆ ಅಂಥ ಕನಿಷ್ಠ ಮಿತಿ ಇರಲಿಲ್ಲ. ಸಾಮಗ್ರಿಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬ ನಿಯಮದಿಂದಾಗಿ, ಪಟ್ಟಿಯಲ್ಲಿ ಕುಂಬಳ ಮೊದಲು ಬಂದಿದೆಯೋ ಸಕ್ಕರೆ ಮೊದಲು ಬಂದಿದೆಯೋ ಎಂಬುದೊಂದೇ ಕೊಳ್ಳುವವನಿಗೆ ಸಿಗುವ ಸುಳಿವು.

ಪೋಷಕಾಂಶಗಳ ಚೌಕಟ್ಟು ಬಂದದ್ದು ಇನ್ನೂ ತಡವಾಗಿ. 1973ರಲ್ಲಿ ಎಫ್‌ಡಿಎ ರೂಪಿಸಿದ ವ್ಯವಸ್ಥೆ ಬಹುಮಟ್ಟಿಗೆ ಐಚ್ಛಿಕವಾಗಿತ್ತು. 1990ರಲ್ಲಿ ಸಂಸತ್ತು ಅಂಗೀಕರಿಸಿದ ಪೋಷಕಾಂಶ ನಮೂದನೆ ಮತ್ತು ಶಿಕ್ಷಣ ಕಾಯಿದೆಯ ಫಲವಾಗಿ 1994ರ ಮೇ ತಿಂಗಳಿಂದ ‘ನ್ಯೂಟ್ರಿಷನ್ ಫ್ಯಾಕ್ಟ್ಸ್’ ಎಂಬ ಕಪ್ಪು ಗೆರೆಗಳ ಚೌಕಟ್ಟು ಬಹುತೇಕ ಎಲ್ಲ ಪೊಟ್ಟಣಗಳಿಗೂ ಕಡ್ಡಾಯವಾಯಿತು. ಆಗ ಎದ್ದ ಮೊದಲ ತೊಡಕು ಒಂದು ಬಾರಿ ತಿನ್ನುವ ಪ್ರಮಾಣ ಯಾವುದೆಂಬುದು. ಪೈಗಳಿಗೆ 125 ಗ್ರಾಂ ಆಧಾರ ಪ್ರಮಾಣವೆಂದು ನಿಗದಿ ಮಾಡಿ, ಇಡೀ ಪೈಯ ಯಾವ ಭಾಗ ಆ ತೂಕಕ್ಕೆ ಅತಿ ಸಮೀಪವೋ ಆ ಭಾಗವನ್ನು ಒಂದು ತುಂಡೆಂದು ಬರೆಯಬೇಕೆಂದು ನಿಯಮ ಹೇಳಿತು. ಹೀಗಾಗಿ ಒಂದು ಪೈಯ ಆರನೆಯ ಒಂದು ಭಾಗ, ಇನ್ನೊಂದರ ಎಂಟನೆಯ ಒಂದು ಭಾಗ, ಮತ್ತೊಂದರ ಹನ್ನೆರಡನೆಯ ಒಂದು ಭಾಗ ಪೆಟ್ಟಿಗೆಯ ಮೇಲೆ ಸಮಾನ ತುಂಡುಗಳಾಗಿ ಕಾಣಿಸಿಕೊಳ್ಳುತ್ತವೆ. ಮನೆಯಲ್ಲಿ ಚಾಕು ಹಿಡಿದವರು ಈ ನಿಯಮವನ್ನು ಅನುಸರಿಸುವುದಿಲ್ಲ. ತಟ್ಟೆಯ ಗಾತ್ರ ಏನೇ ಇದ್ದರೂ ನಾಲ್ಕು ಬಾರಿ ಅಡ್ಡಗೆರೆ ಎಳೆದು ಎಂಟು ತುಂಡು ಮಾಡುವುದು ಸಾಮಾನ್ಯ ರೂಢಿ.

ಕೃಷಿ ಇಲಾಖೆಯ ಕೋಷ್ಟಕದಲ್ಲಿ ಅಂಗಡಿ ಕುಂಬಳಪೈಗೆ ಕೊಟ್ಟಿರುವ ಸರಾಸರಿಯನ್ನು ಇಲ್ಲಿ ಗಮನಿಸಬಹುದು. ಒಂಬತ್ತು ಇಂಚಿನ ಪೈಯ ಎಂಟನೆಯ ಒಂದು ಭಾಗ, ಎಂದರೆ 133 ಗ್ರಾಂ ತೂಕದ ತುಂಡು, ಸುಮಾರು 323 ಕ್ಯಾಲೊರಿ ಶಕ್ತಿ, 13 ಗ್ರಾಂ ಕೊಬ್ಬು, 46 ಗ್ರಾಂ ಕಾರ್ಬೋಹೈಡ್ರೇಟ್, ಅದರೊಳಗೆ 25 ಗ್ರಾಂ ಸಕ್ಕರೆ, 5 ಗ್ರಾಂ ಪ್ರೋಟೀನ್, ಎರಡೂವರೆ ಗ್ರಾಮಿಗೆ ಸಮೀಪದ ನಾರಿನಂಶ ಮತ್ತು 320 ಮಿಲಿಗ್ರಾಮಿನ ಆಸುಪಾಸಿನ ಸೋಡಿಯಂ ಹೊಂದಿರುತ್ತದೆ. ಮನೆಯಲ್ಲಿ ಮಾಡಿದ ಪೈಯ 155 ಗ್ರಾಂ ತುಂಡಿಗೆ ಅದೇ ಇಲಾಖೆ ಕೊಡುವ ಅಂಕಿ 316 ಕ್ಯಾಲೊರಿ. ತೂಕ ಹೆಚ್ಚಿದ್ದರೂ ಶಕ್ತಿ ಹೆಚ್ಚದಿರುವುದಕ್ಕೆ ಮನೆಯ ಹೂರಣದಲ್ಲಿ ನೀರಿನಂಶ ಹೆಚ್ಚಾಗಿರುವುದು ಮುಖ್ಯ ಕಾರಣ. 1980ರ ದಶಕದ ಕೊನೆಯಿಂದ ಕಾಸ್ಟ್‌ಕೊ ಸಗಟು ಮಳಿಗೆಗಳಲ್ಲಿ ಮಾರಾಟವಾಗುತ್ತಿರುವ ಹನ್ನೆರಡು ಇಂಚಿನ, 58 ಔನ್ಸ್ ತೂಕದ ಪೈಯನ್ನು ಎಂಟೇ ತುಂಡು ಮಾಡಿದರೆ ಒಂದೊಂದೂ 205 ಗ್ರಾಂ ತೂಗುತ್ತದೆ. ಮೇಲೆ ಹೇಳಿದ ಸರಾಸರಿ ಸಂಯೋಜನೆಯನ್ನೇ ಅದಕ್ಕೂ ಅನ್ವಯಿಸಿದರೆ ತುಂಡಿಗೆ 500 ಕ್ಯಾಲೊರಿಯಾಗುತ್ತದೆ. ಅದೇ ಹಬ್ಬದ ಇನ್ನೊಂದು ಭಕ್ಷ್ಯವಾದ ಪೆಕಾನ್ ಬೀಜದ ಪೈ ಸಾಧಾರಣ ಗಾತ್ರದ ತುಂಡಿನಲ್ಲೇ ಈ ಮಟ್ಟ ಮುಟ್ಟುವುದರಿಂದ ಪೈಗಳ ನಡುವೆ ಕುಂಬಳದ್ದು ಹಗುರವೆಂಬ ಮಾತು ಸುಳ್ಳಲ್ಲ. ಆದರೆ ಆ ಹಗುರತನ ತುಂಡಿನ ಅಗಲಕ್ಕೆ ಕಟ್ಟುಬಿದ್ದದ್ದು.

‘ಎ’ ಜೀವಸತ್ವದ ಲೆಕ್ಕದಲ್ಲಿ ನಡೆದ ಬದಲಾವಣೆ ಇದಕ್ಕಿಂತ ಸ್ವಾರಸ್ಯದ್ದು. ಲಿಬ್ಬಿ ಪಾಕದ ಒಂದು ಡಬ್ಬಿ ಕುಂಬಳ 425 ಗ್ರಾಂ ಆಗಿರುವುದರಿಂದ ಎಂಟರಲ್ಲಿ ಒಂದು ತುಂಡಿಗೆ 53 ಗ್ರಾಂ ತಿರುಳು ಸಲ್ಲುತ್ತದೆ. 1994ರ ಚೌಕಟ್ಟು ಬಳಸಿದ ಅಂತರರಾಷ್ಟ್ರೀಯ ಮಾನ ಎಂಬ ಹಳೆಯ ಅಳತೆಯಲ್ಲಿ 100 ಗ್ರಾಂ ಡಬ್ಬಿ ಕುಂಬಳ 15,500ಕ್ಕೂ ಹೆಚ್ಚು ಮಾನಗಳನ್ನು ಕೊಡುತ್ತಿತ್ತು. ದಿನದ ಅಗತ್ಯ 5,000 ಮಾನಗಳೆಂದು ಇಟ್ಟಿದ್ದರಿಂದ ತುಂಡಿನಲ್ಲಿರುವ ಕುಂಬಳವೊಂದೇ ದಿನದ ಅಗತ್ಯದ ಶೇ. 165ರಷ್ಟನ್ನು ಪೂರೈಸುವಂತೆ ಕಾಣುತ್ತಿತ್ತು. ಸಸ್ಯಗಳಲ್ಲಿರುವ ಕ್ಯಾರೊಟೀನನ್ನು ದೇಹ ಹಿಂದೆ ಎಣಿಸಿದಷ್ಟು ದಕ್ಷತೆಯಿಂದ ಬಳಸಿಕೊಳ್ಳುವುದಿಲ್ಲವೆಂದು ತಿಳಿದುಬಂದ ಮೇಲೆ, 2001ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯ ತಜ್ಞರು ಆಹಾರದ 12 ಮೈಕ್ರೋಗ್ರಾಂ ಬೀಟಾ ಕ್ಯಾರೊಟೀನನ್ನು 1 ಮೈಕ್ರೋಗ್ರಾಂ ಜೀವಸತ್ವಕ್ಕೆ ಸಮನೆಂದು ಗೊತ್ತುಪಡಿಸಿದರು. ಅದಕ್ಕೆ ಮೊದಲು 6 ಮೈಕ್ರೋಗ್ರಾಂ ಸಾಕೆಂಬ ಲೆಕ್ಕವಿತ್ತು. ಈ ಹೊಸ ಮಾನದಲ್ಲಿ, 900 ಮೈಕ್ರೋಗ್ರಾಮನ್ನು ದಿನದ ಅಗತ್ಯವಾಗಿಟ್ಟುಕೊಂಡರೆ, ಅದೇ 53 ಗ್ರಾಂ ತಿರುಳು ಸುಮಾರು 412 ಮೈಕ್ರೋಗ್ರಾಂ, ಎಂದರೆ ಶೇ. 46ರಷ್ಟನ್ನು ಮಾತ್ರ ಪೂರೈಸುತ್ತದೆ. ಕುಂಬಳ ಬದಲಾಗದೆ, ಪಾಕ ಬದಲಾಗದೆ ಅಂಕಿ ಮೂರನೆಯ ಒಂದು ಭಾಗಕ್ಕಿಂತಲೂ ಕೆಳಗಿಳಿಯಿತು.

2016ರಲ್ಲಿ ಎಫ್‌ಡಿಎ ಚೌಕಟ್ಟನ್ನು ಪರಿಷ್ಕರಿಸಿದಾಗ ಆ ಅಂಕಿ ಕಡ್ಡಾಯ ಪಟ್ಟಿಯಿಂದಲೇ ಹೊರಬಿತ್ತು. ಅಮೆರಿಕದ ಜನರಲ್ಲಿ ‘ಎ’ ಮತ್ತು ‘ಸಿ’ ಜೀವಸತ್ವಗಳ ಕೊರತೆ ಈಗ ವಿರಳವಾಗಿದೆಯೆಂಬ ಕಾರಣದಿಂದ ಅವುಗಳ ನಮೂದನ್ನು ಐಚ್ಛಿಕಗೊಳಿಸಿ, ‘ಡಿ’ ಜೀವಸತ್ವ ಮತ್ತು ಪೊಟ್ಯಾಸಿಯಮ್‌ಗಳನ್ನು ಕಡ್ಡಾಯ ಮಾಡಲಾಯಿತು. ಅದೇ ಪರಿಷ್ಕರಣೆ ‘ಸೇರಿಸಿದ ಸಕ್ಕರೆ’ ಎಂಬ ಹೊಸ ಸಾಲನ್ನು ತಂದಿತು. ಹಿಂದಿನ ಚೌಕಟ್ಟಿನಲ್ಲಿ ಹಾಲಿನ ಸಹಜ ಸಕ್ಕರೆಯೂ ಚೀಲದಿಂದ ಸುರಿದ ಸಕ್ಕರೆಯೂ ಒಂದೇ ಅಂಕಿಯೊಳಗೆ ಬೆರೆತಿದ್ದವು, ಮತ್ತು ಅದು ದಿನದ ಮಿತಿಯ ಎಷ್ಟು ಪಾಲೆಂದು ಹೇಳುವ ಶೇಕಡಾವಾರು ಇರಲಿಲ್ಲ. ಈಗ ದಿನಕ್ಕೆ 50 ಗ್ರಾಂ ಎಂಬ ಮಿತಿಯೊಡನೆ ಹೋಲಿಸಿ ತೋರಿಸಬೇಕು. ಡಬ್ಬಿಯ ಮೇಲಿನ ಆ ಹಳೆಯ ಪಾಕದ ಮುಕ್ಕಾಲು ಬಟ್ಟಲು ಸಕ್ಕರೆ, ಅಂದಾಜು 150 ಗ್ರಾಂ, ಎಂಟು ಪಾಲಾದಾಗ ತುಂಡಿಗೆ 19 ಗ್ರಾಂ ಬೀಳುತ್ತದೆ; ಅದು ದಿನದ ಮಿತಿಯ ಶೇ. 38ರಷ್ಟು.

ಪೈಯ ಕಣಕದ ಕೊಬ್ಬಿಗೂ ಇಂಥದೇ ಕಥೆಯಿದೆ. ಜಲಜನಕ ಸೇರಿಸಿ ಭಾಗಶಃ ಗಟ್ಟಿಯಾಗಿಸಿದ ಎಣ್ಣೆಯಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಹಾನಿಕರವೆಂದು ಸ್ಪಷ್ಟವಾದ ಮೇಲೆ, 2006ರ ಜನವರಿಯಿಂದ ಅದರ ಪ್ರಮಾಣವನ್ನು ಪ್ರತ್ಯೇಕ ಸಾಲಿನಲ್ಲಿ ಬರೆಯುವುದು ಕಡ್ಡಾಯವಾಯಿತು. ತುಂಡಿಗೆ ಅರ್ಧ ಗ್ರಾಮಿಗಿಂತ ಕಡಿಮೆಯಿದ್ದರೆ ಸೊನ್ನೆ ಎಂದೇ ಬರೆಯಲು ಅವಕಾಶವಿದ್ದುದರಿಂದ ತುಂಡಿನ ಗಾತ್ರ ಇಲ್ಲಿಯೂ ಅಂಕಿಯನ್ನು ಆಳಿತು. 2015ರಲ್ಲಿ ಎಫ್‌ಡಿಎ ಅಂಥ ಎಣ್ಣೆಗಳನ್ನು ಸುರಕ್ಷಿತವೆಂದು ಭಾವಿಸಲಾಗದೆಂದು ತೀರ್ಮಾನಿಸಿ, ತಯಾರಕರು 2018ರ ಜೂನ್ ಒಳಗೆ ಅವುಗಳ ಬಳಕೆಯನ್ನು ಬಿಡಬೇಕೆಂದು ಸೂಚಿಸಿತು. ಒಂದು ಶತಮಾನದಷ್ಟು ಕಾಲ ಪೈಗಳ ಕಣಕವನ್ನು ಗರಿಗರಿಯಾಗಿಟ್ಟ ಪದಾರ್ಥ ಹೀಗೆ ನಿರ್ಗಮಿಸಿದಾಗ ಅನೇಕ ತಯಾರಕರು ತಾಳೆ ಎಣ್ಣೆಯತ್ತ ತಿರುಗಿದರು. ಟ್ರಾನ್ಸ್ ಕೊಬ್ಬು ಹೋಗಿ, ಮಿತವಾಗಿ ತಿನ್ನಬೇಕೆಂದು ವೈದ್ಯರು ಹೇಳುವ ಸ್ಯಾಚುರೇಟೆಡ್ ಕೊಬ್ಬು ಆ ಜಾಗಕ್ಕೆ ಬಂದಿತು. ಇನ್ನು ಕಣಕದ ಮೈದಾಕ್ಕೆ ಕಬ್ಬಿಣ ಮತ್ತು ‘ಬಿ’ ಗುಂಪಿನ ಜೀವಸತ್ವಗಳನ್ನು ಬೆರೆಸುವ ಪದ್ಧತಿ ಎರಡನೆಯ ಮಹಾಯುದ್ಧದ ಕಾಲದ್ದು, 1998ರಿಂದ ಅದಕ್ಕೆ ಫೋಲಿಕ್ ಆಮ್ಲವೂ ಸೇರಿದೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಕಾಣುವ ಕಬ್ಬಿಣದಲ್ಲಿ ಒಂದು ಪಾಲು ಹೊಲದಿಂದಲ್ಲ, ಹಿಟ್ಟಿನ ಗಿರಣಿಯಿಂದ ಬಂದದ್ದು.

ಇವೆಲ್ಲವನ್ನೂ ಒಟ್ಟಿಗೆ ನೋಡಿದಾಗ ಸ್ಪಷ್ಟವಾಗುವುದೇನೆಂದರೆ, ಅಂಗಡಿ ಕುಂಬಳಪೈಯ ಪೋಷಕಾಂಶ ಪಟ್ಟಿ ಆಯಾ ಕಾಲದ ಸಮಾಜ ಯಾವುದಕ್ಕೆ ಅಂಜಿತು ಎಂಬುದನ್ನು ದಾಖಲಿಸುತ್ತ ಬಂದಿದೆ. ದುಡಿಯುವ ಬಡವನ ಹೊಟ್ಟೆ ತುಂಬುವುದೇ ಚಿಂತೆಯಾಗಿದ್ದ ಆಟ್ವಾಟರನ ಕಾಲ ಶಕ್ತಿಯನ್ನು ಎಣಿಸಿತು. ಕೊರತೆಯ ರೋಗಗಳನ್ನು ಕಂಡ ಮುಂದಿನ ತಲೆಮಾರು ಜೀವಸತ್ವಗಳನ್ನು ಎಣಿಸಿತು. ಬೊಜ್ಜು, ಮಧುಮೇಹ, ಹೃದ್ರೋಗಗಳ ಕಾಲ ಸಕ್ಕರೆಯನ್ನೂ ಕೊಬ್ಬಿನ ಬಗೆಗಳನ್ನೂ ಎಣಿಸುತ್ತಿದೆ. ಈ ಎಣಿಕೆಗಳಲ್ಲಿ ಯಾವುದೂ ಸುಳ್ಳಲ್ಲ, ಯಾವುದೂ ಪೂರ್ಣವೂ ಅಲ್ಲ. ಪೈಯೊಳಗಿನ ಕುಂಬಳ ತನ್ನ ಪಾಲಿನ ನಾರನ್ನೂ ಕ್ಯಾರೊಟೀನನ್ನೂ ಮೊದಲಿನಿಂದಲೂ ಕೊಡುತ್ತಲೇ ಬಂದಿದೆ. ತುಂಡಿನ ಕ್ಯಾಲೊರಿಯನ್ನು ನಿರ್ಧರಿಸುವುದು ಬಹುಪಾಲು ಅದರ ಸುತ್ತಲಿನ ಕಣಕ ಮತ್ತು ಅದರೊಳಗಿನ ಸಕ್ಕರೆ. ಆದ್ದರಿಂದ ಪೆಟ್ಟಿಗೆಯನ್ನು ಓದುವವರು ಮೊದಲು ತುಂಡಿನ ತೂಕವನ್ನು, ಅನಂತರ ಸೇರಿಸಿದ ಸಕ್ಕರೆಯ ಸಾಲನ್ನು, ಕೊನೆಗೆ ಸಾಮಗ್ರಿಗಳ ಪಟ್ಟಿಯಲ್ಲಿ ಕುಂಬಳ ಎಷ್ಟನೆಯದೆಂಬುದನ್ನು ನೋಡಿದರೆ ಆ ಪೈಯ ವಿಷಯದಲ್ಲಿ ತಿಳಿಯಬೇಕಾದ ಬಹುತೇಕ ಸಂಗತಿಗಳು ತಿಳಿಯುತ್ತವೆ. ತರಕಾರಿಯ ಮುಖ್ಯ ಗುಣವಾದ ‘ಎ’ ಜೀವಸತ್ವವನ್ನು ಮಾತ್ರ, ತಯಾರಕರು ತಾವಾಗಿ ನಮೂದಿಸದಿದ್ದರೆ, ಹೂರಣದ ಬಣ್ಣದಿಂದಲೇ ಊಹಿಸಿಕೊಳ್ಳಬೇಕಾಗುತ್ತದೆ.